ಸ್ಕೀಮ್ ಇರಲಿ, ಕಾಲ್/ಸಿಸಿ ಗಡಿ ದಾಟದಿರಲಿ

ತಳೇಗಾಂವ ದಾಭಾಡೆಗೆ ಬಂದು ನೆಲೆಸಿ ಇಪ್ಪತ್ತು ವರ್ಷದ ಮೇಲಾಯ್ತು. ಇಲ್ಲಿನ ಎಂಐಡಿಸಿಯ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯೋದೇ ನನ್ನ ಹೊಟ್ಟೆಪಾಡು. ಈಚೆಗೆ ಹೊಸ ಹುಡುಗರ ಬಾಯಲ್ಲಿ ಒಂದೇ ಮಾತು: “ಸರ್, ಒಳಗೊಂದು ಸ್ಕೀಮ್ ಇಂಟರ್‌ಪ್ರಿಟರ್ ಕೂರಿಸೋಣ. ಕಾಲ್/ಸಿಸಿ ಇದೆಯಲ್ಲ, ಎಲ್ಲಿ ಬೇಕಾದ್ರೂ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು!” ಮೊದಲರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡನೇ ಅರ್ಧ ಅಪಾಯ ಸ್ವಾಮಿ.

ಕಂಟಿನ್ಯುಯೇಷನ್ ಅಂದ್ರೆ ‘ಇಲ್ಲಿಂದ ಮುಂದೆ ಮಾಡಬೇಕಾದ್ದು’ ಅನ್ನೋದನ್ನೇ ಒಂದು ವಸ್ತುವಾಗಿ ಎತ್ತಿಟ್ಟುಕೊಳ್ಳೋದು. 1975ರಲ್ಲಿ ಸಸ್ಮನ್ ಮತ್ತು ಸ್ಟೀಲ್ ಎಂಐಟಿಯಲ್ಲಿ ಹುಟ್ಟಿಸಿದ ಸ್ಕೀಮ್‌ನೊಳಗೆ ಇದು ಸಲೀಸು. ಸಿ ಹಾಗಲ್ಲ. ಫಂಕ್ಷನ್ ಮುಗೀತು ಅಂದ್ರೆ ಸ್ಟ್ಯಾಕ್‌ನಲ್ಲಿ ಅದರ ಜಾಗ ಬೇರೆಯವರ ಪಾಲು.

ಉದಾಹರಣೆಗೆ, ಸಿ ಫಂಕ್ಷನ್ನೊಂದು ವಾಲ್ವ್ ತೆರೆದು, ಬಫರ್‌ಗೆ ಮೆಮೊರಿ ಪಡೆದು, ಸ್ಕೀಮ್‌ನ ಕಾಲ್‌ಬ್ಯಾಕ್ ಕರೆಯುತ್ತೆ. ಕಾಲ್‌ಬ್ಯಾಕ್ ಅಲ್ಲಿನ ಕಂಟಿನ್ಯುಯೇಷನ್ ಹಿಡಿದಿಟ್ಟು ಹಿಂತಿರುಗುತ್ತೆ. ಸಿ ಬಫರ್ ಬಿಟ್ಟುಕೊಟ್ಟು, ವಾಲ್ವ್ ಮುಚ್ಚಿ ಹೊರಡುತ್ತೆ. ಹತ್ತು ನಿಮಿಷದ ಮೇಲೆ ಯಾರೋ ಆ ಕಂಟಿನ್ಯುಯೇಷನ್ ಕರೀತಾರೆ. ಎಲ್ಲಿಗೆ ಹೋಗೋದು? ಎಂದೋ ಖಾಲಿ ಮಾಡಿದ ಬಾಡಿಗೆ ಮನೆಗೆ ಹಳೇ ಕೀಲಿಕೈ ಹಿಡಿದು ಹೋದ ಹಾಗೆ!

“ಸ್ಟ್ಯಾಕ್ ಕಾಪಿ ಮಾಡಿಟ್ಟರಾಯ್ತು” ಅಂತೀರಾ? ಗೈಲ್‌ನ 1.8 ಆವೃತ್ತಿ ಹಾಗೇ ಮಾಡ್ತಿತ್ತು. ಆದ್ರೆ ವಾಪಸ್ ಬರೋದು ಸ್ಟ್ಯಾಕ್ ಮಾತ್ರ. ಬಿಟ್ಟುಕೊಟ್ಟ ಬಫರನ್ನು ಕೋಡ್ ಎರಡನೇ ಸಲ ಬಿಟ್ಟುಕೊಡುತ್ತೆ, ಮುಚ್ಚಿದ ವಾಲ್ವ್ ತೆರೆದಿದೆ ಅಂತ ನಂಬಿ ಓಡುತ್ತೆ. ಯಂತ್ರದ ಪಕ್ಕದಲ್ಲಿ ಒಬ್ಬ ಆಪರೇಟರ್ ನಿಂತಿರ್ತಾನೆ, ಅವನ ಕೈ ಬೆರಳು ಲೆಕ್ಕಕ್ಕಿಲ್ವಾ?

ಈ ಗಡಿಯ ಕಷ್ಟ ಭಾಷೆ ಕಟ್ಟಿದವರಿಗೇ ಗೊತ್ತು. ಗೈಲ್‌ನಲ್ಲಿ ಕಂಟಿನ್ಯುಯೇಷನ್ ಬ್ಯಾರಿಯರ್ ಇಟ್ಟಿರೋದು ಸುಮ್ಮನೆ ಅಲ್ಲ. ಲುವಾ 5.1ರಲ್ಲಿ ಕೊರೂಟೀನ್ ಸಿ ಕರೆಯನ್ನು ದಾಟಿ ನಿಲ್ಲೋಕೆ ಹೋದರೆ ಎರರ್. 2011ರ 5.2ರಲ್ಲಿ ದಾರಿ ಕೊಟ್ಟರು, ಆದರೆ ಮುಂದೇನು ಅನ್ನೋ ಫಂಕ್ಷನ್ನನ್ನು ಸಿ ಬರೆಯುವವನೇ ಬರೆದುಕೊಡಬೇಕು.

ಹಾಗಂತ “ಸ್ಕೀಮೇ ಬೇಡ, ಸ್ವಿಚ್-ಕೇಸ್ ಸಾಕು” ಅನ್ನೋ ಹಿರಿಯರ ಜೊತೆಗೂ ನನ್ನ ಜಗಳ ಇದೆ. ನಲವತ್ತು ಕೇಸ್‌ಗಳ ಆ ಗೋಜಲನ್ನು ಓದೋರ ಪಾಡು ಕೇಳಿ! ಸಿಯ ಮುಖ್ಯ ಲೂಪ್ ಮೇಲಿರಲಿ. ಅದು ಸ್ಕೀಮ್ ಕರೆದಾಗ, ಸ್ಕೀಮ್ ತನ್ನದೇ ಪ್ರಾಂಪ್ಟ್‌ವರೆಗಿನ ಕಂಟಿನ್ಯುಯೇಷನ್ ಮಾತ್ರ ಎತ್ತಿಟ್ಟು, “ಸೆನ್ಸರ್‌ಗೆ ಕಾಯಿ” ಅಂತ ಹೇಳಿ ಹಿಂತಿರುಗಲಿ. ಸೆನ್ಸರ್ ಬಂದಾಗ ಸಿ ಹೊಸದಾಗಿ ಕರೆಯಲಿ. ನಡುವೆ ಒಂದೂ ಸಿ ಫ್ರೇಮ್ ಸಿಕ್ಕಿಹಾಕಿಕೊಳ್ಳಲ್ಲ. ಸ್ಕೀಮ್ ಕರೆಯುವ ಸಿ ಫಂಕ್ಷನ್‌ಗಳು ಕೆಲಸ ಮುಗಿಸಿ ಬರಲಿ, ತಿರುಗಿ ಸ್ಕೀಮನ್ನು ಕರೆಯೋದು ಬೇಡ. ಕರೆಯಲೇಬೇಕಾದ್ರೆ ಬ್ಯಾರಿಯರ್ ಹಾಕಿ.

ಇಷ್ಟಾದ ಮೇಲೂ ಸ್ಟ್ಯಾಕ್ ಕಾಪಿಯೇ ಸರಿ ಅನ್ನೋರು ಇದ್ದರೆ, ದಯವಿಟ್ಟು ಆ ಯಂತ್ರದ ಪಕ್ಕ ಮೊದಲು ನೀವೇ ನಿಂತ್ಕೊಳ್ಳಿ.