ಮೂಲೆಯ ಸರ್ವರ್ ಮತ್ತು ಅವಧಿ ಮೀರಿದ ಸಹಿ

ನಮ್ಮ ಸದಸ್ಯರಲ್ಲಿ ಅನೇಕರ ಕಚೇರಿಗಳಲ್ಲಿ, ಲೆಕ್ಕಪತ್ರಗಳ ಕಪಾಟಿನ ಪಕ್ಕದಲ್ಲೋ ಯುಪಿಎಸ್ ಇರಿಸಿದ ಮೂಲೆಯಲ್ಲೋ, ಧೂಳು ಹೊದ್ದು ಕುಳಿತ ಒಂದು ಗಣಕಯಂತ್ರವಿರುತ್ತದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯೂ ಇಲ್ಲ. ಎಂದೋ ಒಂದು ದಿನ ಬಲ್ಲವರೊಬ್ಬರು ಬಂದು ಲಿನಕ್ಸ್ ಅಳವಡಿಸಿ ಕೊಟ್ಟು ಹೋಗಿರುತ್ತಾರೆ. ಪರವಾನಗಿ ಶುಲ್ಕವಿಲ್ಲ, ವೈರಸ್ ಕಾಟವಿಲ್ಲ, ವರ್ಷಗಟ್ಟಲೆ ನಿಲ್ಲಿಸದೆ ಓಡುತ್ತದೆ ಎಂಬ ಮೂರು ಮಾತುಗಳನ್ನು ಕೇಳಿ ನಾವು ಸಂತೋಷಪಟ್ಟಿರುತ್ತೇವೆ. ಮೊದಲನೆಯದು ಸತ್ಯ. ಮೂರನೆಯದೂ ಬಹುಮಟ್ಟಿಗೆ ಸತ್ಯ. ಆ ಮೂರನೆಯ ಸತ್ಯವೇ ನಮ್ಮನ್ನು ತೊಂದರೆಗೆ ಸಿಲುಕಿಸುತ್ತದೆ. ನಿಲ್ಲದೆ ಓಡುವ ಯಂತ್ರವನ್ನು ಯಾರೂ ನೆನೆಯುವುದಿಲ್ಲ.

ನನ್ನ ಘಟಕದಲ್ಲಿದ್ದ ಇಂಥ ಯಂತ್ರ 2015ರಲ್ಲಿ ಬಂದದ್ದು. ಅದರಲ್ಲಿದ್ದುದು ಆ ವರ್ಷದ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 8. ಬಿಡಿಭಾಗಗಳ ರೇಖಾಚಿತ್ರಗಳು, ದಾಸ್ತಾನಿನ ಲೆಕ್ಕ, ಸರಬರಾಜಿನ ಚಲನ್‌ಗಳು ಎಲ್ಲವೂ ಅದರಲ್ಲೇ. 2024ರ ಕೊನೆಯಲ್ಲಿ, ನಮ್ಮಿಂದ ಬಿಡಿಭಾಗ ಕೊಳ್ಳುವ ದೊಡ್ಡ ಗ್ರಾಹಕರೊಬ್ಬರು ಎಲ್ಲ ಸರಬರಾಜುದಾರರಿಗೂ ಒಂದು ಪ್ರಶ್ನಾವಳಿ ಕಳುಹಿಸಿದರು. ತಮ್ಮ ರೇಖಾಚಿತ್ರಗಳನ್ನು ಇರಿಸಿಕೊಂಡಿರುವ ಗಣಕಯಂತ್ರಕ್ಕೆ ಭದ್ರತಾ ನವೀಕರಣಗಳು ಬರುತ್ತಿವೆಯೇ, ಕೊನೆಯದಾಗಿ ಯಾವಾಗ ಬಂದಿತು ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಉತ್ತರ ಬರೆಯಲೆಂದು ಪರೀಕ್ಷಿಸಿ ನೋಡಿದಾಗ, ಕೊನೆಯ ನವೀಕರಣ 2016ರದ್ದು ಎಂದು ತಿಳಿಯಿತು. ಹಾಗೆಂದು ಬರೆದು ಕಳುಹಿಸಿದರೆ ಮುಂದಿನ ವರ್ಷದ ಆರ್ಡರ್ ಸಿಗುವ ಭರವಸೆ ಇರಲಿಲ್ಲ. ಸುಳ್ಳು ಬರೆಯುವ ದಾರಿಯೂ ಇತ್ತು. ಅದನ್ನು ಹಿಡಿದವರು ಇರಬಹುದು.

ವಾರ್ಷಿಕ ನಿರ್ವಹಣೆಯ ತಂತ್ರಜ್ಞರನ್ನು ಕರೆಸಿ, ಇಂದೇ ನವೀಕರಿಸಿ ಎಂದೆವು. ಆದೇಶ ಕೊಟ್ಟ ಕೂಡಲೇ ಯಂತ್ರ ನಿರಾಕರಿಸಿತು. ಹಳೆಯ ಆವೃತ್ತಿಯ ಕಡತಗಳು ತಮ್ಮ ಮೊದಲಿನ ವಿಳಾಸದಿಂದ ಡೆಬಿಯನ್‌ನ ಹಳೆಯ ಸಂಗ್ರಹಾಗಾರಕ್ಕೆ ಸ್ಥಳಾಂತರಗೊಂಡಿದ್ದವು. ಹೊಸ ವಿಳಾಸ ಕೊಟ್ಟ ಮೇಲೆ ಎರಡನೆಯ ತಕರಾರು ಬಂದಿತು: ಸಹಿ ಮಾಡಿದ ಕೀಲಿಯ ಅವಧಿ ಮುಗಿದಿದೆ, ಈ ಮೂಲವನ್ನು ನಂಬಲಾಗದು. ತಂತ್ರಜ್ಞರು ನಕ್ಕು, "ಸರ್, ಸಹಿ ನೋಡೋದನ್ನೇ ಆಫ್ ಮಾಡಿಬಿಡೋಣ, ಹತ್ತು ನಿಮಿಷದ ಕೆಲಸ" ಎಂದರು. ನಾನು ಒಪ್ಪುವುದರಲ್ಲಿದ್ದೆ. ಪಕ್ಕದ ಮೇಜಿನಲ್ಲಿ ಕುಳಿತಿದ್ದ ನಮ್ಮ ಹಿರಿಯ ಲೆಕ್ಕಿಗರು ತಲೆಯೆತ್ತಿ, "ಅಂದ್ರೆ ಸಹಿ ನೋಡದೆ ಚೆಕ್ಕು ಪಾಸು ಮಾಡಿದ ಹಾಗಲ್ಲವೇ ಯಜಮಾನರೇ?" ಎಂದು ಕೇಳಿದರು. ಗಣಕಯಂತ್ರದ ವಿಷಯದಲ್ಲಿ ಅವರು ಪರಿಣತರೇನಲ್ಲ. ಆದರೆ ಆ ಪ್ರಶ್ನೆಗೆ ತಂತ್ರಜ್ಞರಲ್ಲಿ ಉತ್ತರವಿರಲಿಲ್ಲ.

ಈ ಸಹಿಯೆಂದರೇನು ಎಂಬುದು ವ್ಯಾಪಾರಿಗಳಾದ ನಮಗೆ ಸುಲಭವಾಗಿ ಅರ್ಥವಾಗಬೇಕಾದ ವಿಷಯ. ಲಿನಕ್ಸ್‌ನ ತಂತ್ರಾಂಶಗಳು ಪ್ಯಾಕೇಜುಗಳ ರೂಪದಲ್ಲಿ ಜಗತ್ತಿನ ನಾನಾ ಕಡೆಯ ಪ್ರತಿಬಿಂಬ ಸರ್ವರ್‌ಗಳಿಂದ ಬರುತ್ತವೆ. ವಿಶ್ವವಿದ್ಯಾಲಯಗಳು, ಅಂತರಜಾಲ ಸೇವಾ ಸಂಸ್ಥೆಗಳು ಇವನ್ನು ಉಚಿತವಾಗಿ ನಡೆಸುತ್ತವೆ. ಸರಕು ಎಲ್ಲಿಂದ ಬಂದರೂ ಅದು ಮೂಲ ತಯಾರಕರದ್ದೇ ಎಂದು ತಿಳಿಯುವುದು ಹೇಗೆ? ತಯಾರಕರು ಪ್ಯಾಕೇಜುಗಳ ಪಟ್ಟಿಯನ್ನೂ ಪ್ರತಿಯೊಂದರ ಗಣಿತ ಮುದ್ರೆಯನ್ನೂ ಒಂದು ಕಡತದಲ್ಲಿ ಬರೆದು, ಅದಕ್ಕೆ ತಮ್ಮ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತಾರೆ. ಆ ಸಹಿಯನ್ನು ಹೋಲಿಸಿ ನೋಡುವ ಸಾರ್ವಜನಿಕ ಕೀಲಿ ನಮ್ಮ ಯಂತ್ರದೊಳಗೆ ಮೊದಲೇ ಇರುತ್ತದೆ. ಬ್ಯಾಂಕಿನವರು ನಮ್ಮ ಮಾದರಿ ಸಹಿಯ ಕಾರ್ಡನ್ನು ಇಟ್ಟುಕೊಂಡಂತೆ ಇದು. ಚೆಕ್ಕು ಯಾರ ಕೈಯಿಂದ ಬಂದಿತೆಂಬುದು ಮುಖ್ಯವಲ್ಲ, ಸಹಿ ತಾಳೆಯಾಗಬೇಕು.

ಪಾಲುದಾರಿಕೆಯ ಸಂಸ್ಥೆಯಲ್ಲಿ ಹಳೆಯ ಪಾಲುದಾರರು ನಿವೃತ್ತರಾದಾಗ ಏನು ಮಾಡುತ್ತೇವೆ? ಅವರ ಸಹಿ ಇನ್ನೂ ಚಲಾವಣೆಯಲ್ಲಿರುವಾಗಲೇ, ಹೊಸ ಪಾಲುದಾರರ ಮಾದರಿ ಸಹಿಯನ್ನು ದೃಢೀಕರಿಸಿ ಬ್ಯಾಂಕಿಗೆ ಪತ್ರ ಕೊಡುತ್ತೇವೆ. ಕೀಲಿಗಳ ವರ್ಗಾವಣೆಯೂ ಹಾಗೆಯೇ. ಡೆಬಿಯನ್ ತನ್ನ ಕೀಲಿಗಳಿಗೆ ಸುಮಾರು ಎಂಟು ವರ್ಷಗಳ ಆಯುಷ್ಯ ಕೊಡುತ್ತ ಬಂದಿದೆ. ಎಂಟನೆಯ ಆವೃತ್ತಿಯ ಕೀಲಿ 2014ರ ನವೆಂಬರಿನದು, 2022ರ ನವೆಂಬರಿನಲ್ಲಿ ಅದರ ಅವಧಿ ಮುಗಿಯಿತು. ಆ ನಡುವಿನ ವರ್ಷಗಳಲ್ಲಿ ಹೊಸ ಕೀಲಿಗಳನ್ನು ಒಂದು ಸಾಮಾನ್ಯ ಪ್ಯಾಕೇಜಿನಲ್ಲಿರಿಸಿ, ಅದಕ್ಕೆ ಹಳೆಯ ಕೀಲಿಯಿಂದಲೇ ಸಹಿ ಹಾಕಿ ಕಳುಹಿಸಿದರು. ನಿಯಮಿತವಾಗಿ ನವೀಕರಣ ಪಡೆಯುತ್ತಿದ್ದ ಯಂತ್ರಗಳು ಅದನ್ನು ಸದ್ದಿಲ್ಲದೆ ಸ್ವೀಕರಿಸಿದವು. ನಮ್ಮ ಯಂತ್ರ ಸ್ವೀಕರಿಸಲಿಲ್ಲ. ಹಳಬರು ಹೋದರು, ಹೊಸಬರನ್ನು ಪರಿಚಯಿಸಲು ಯಾರೂ ಉಳಿಯಲಿಲ್ಲ.

ಕೀಲಿಗೆ ಅವಧಿಯಾದರೂ ಏಕೆ ಎಂದು ಕೇಳುವವರಿದ್ದಾರೆ. ಜಿಎಸ್‌ಟಿಗೂ ಕಂಪನಿ ವ್ಯವಹಾರಗಳ ಕಡತಗಳಿಗೂ ನಾವು ಬಳಸುವ ಡಿಜಿಟಲ್ ಸಹಿಯ ಟೋಕನ್‌ಗೂ ಗರಿಷ್ಠ ಮೂರು ವರ್ಷಗಳ ಅವಧಿಯೇ ಇರುವುದು. ಅದನ್ನು ಗೊಣಗುತ್ತಲಾದರೂ ನವೀಕರಿಸುತ್ತೇವೆ. ಕೀಲಿ ಕಳವಾಗಬಹುದು ಎಂಬುದು ಒಂದು ಕಾರಣ. 2008ರ ಆಗಸ್ಟಿನಲ್ಲಿ ರೆಡ್ ಹ್ಯಾಟ್ ಮತ್ತು ಫೆಡೋರಾ ಸರ್ವರ್‌ಗಳಿಗೆ ಯಾರೋ ನುಸುಳಿದರು. ರೆಡ್ ಹ್ಯಾಟ್‌ನ ಕೆಲವು ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜುಗಳಿಗೆ ಸಂಸ್ಥೆಯ ಅಸಲಿ ಸಹಿಯನ್ನೇ ಹಾಕಿಸಿಕೊಂಡರು. ಫೆಡೋರಾ ತನ್ನ ಕೀಲಿಯನ್ನು ಬದಲಿಸಬೇಕಾಯಿತು. ಗಣಿತವೂ ಹಳತಾಗುತ್ತದೆ ಎಂಬುದು ಇನ್ನೊಂದು ಕಾರಣ. ಬಹುಕಾಲ ಬಳಕೆಯಲ್ಲಿದ್ದ ಎಸ್‌ಎಚ್‌ಎ-1 ಎಂಬ ಮುದ್ರೆಯ ವಿಧಾನದಲ್ಲಿ, ಎರಡು ಭಿನ್ನ ಕಡತಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಬಹುದೆಂದು 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಮಾಡಿ ತೋರಿಸಿದರು.

ಸಹಿ ನೋಡದೆ ಪಡೆದವರ ಗತಿ ಏನಾಗಬಹುದೆಂಬುದಕ್ಕೂ ಉದಾಹರಣೆಯಿದೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣವನ್ನು ಭೇದಿಸಿದವರು, ಅಲ್ಲಿನ ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲು ಇರಿಸಿದ ಪ್ರತಿಯೊಂದನ್ನು ಹಂಚಿದರು. ಜಾಲತಾಣದ ಹೆಸರೂ ನೋಟವೂ ಅಸಲಿಯೇ ಆಗಿದ್ದವು, ಇಳಿದು ಬಂದ ಸರಕು ಮಾತ್ರ ನಕಲಿ.

ನಮ್ಮ ತಂತ್ರಜ್ಞರು ಹೇಳಿದ ಉಪಾಯವನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಪರಿಶೀಲನೆಯನ್ನು ಒಮ್ಮೆ ನಿಲ್ಲಿಸಿದವರು ಮತ್ತೆ ಚಾಲೂ ಮಾಡುವುದಿಲ್ಲ. ಆ ಒಂದು ಸಾಲು ಯಂತ್ರದ ಕಡತದಲ್ಲಿ ಉಳಿದುಬಿಡುತ್ತದೆ, ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ತಂತ್ರಜ್ಞರನ್ನು ದೂಷಿಸಿ ಫಲವಿಲ್ಲ. ವರ್ಷಕ್ಕೆ ಒಂದಿಷ್ಟು ಹಣ ಕೊಟ್ಟು, ಪ್ರಿಂಟರ್‌ನಿಂದ ಹಿಡಿದು ಸರ್ವರ್‌ವರೆಗೆ ಎಲ್ಲವನ್ನೂ ಅವರ ತಲೆಗೆ ಕಟ್ಟಿದವರು ನಾವು. ಕೊಟ್ಟ ಹಣಕ್ಕೆ ಹತ್ತು ನಿಮಿಷದ ಕೆಲಸವೇ ಬರುತ್ತದೆ.

ಸರಿಯಾದ ದಾರಿ ಉದ್ದವಾದದ್ದು, ಆದರೆ ಗೂಢವಾದದ್ದೇನಲ್ಲ. ಎಲ್ಲಕ್ಕಿಂತ ಮೊದಲು ದತ್ತಾಂಶದ ನಕಲು ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. (ನಮ್ಮ ದೈನಂದಿನ ನಕಲು 2019ರಿಂದ ಖಾಲಿ ಕಡತಗಳನ್ನೇ ಬರೆಯುತ್ತಿತ್ತು, ಡಿಸ್ಕ್ ತುಂಬಿಹೋಗಿತ್ತು. ಐದು ವರ್ಷ ನೆಮ್ಮದಿಯಾಗಿ ನಿದ್ರಿಸಿದ್ದೆವು.) ಬಳಿಕ ಯಂತ್ರದ ಗಡಿಯಾರವನ್ನು ನೋಡಬೇಕು. ಒಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ ಯಂತ್ರ ಯಾವುದೋ ಹಳೆಯ ವರ್ಷದಲ್ಲಿರುತ್ತದೆ. ಆಗ ಹೊಚ್ಚ ಹೊಸ ಸಹಿಯೂ ಅದಕ್ಕೆ ಇನ್ನೂ ಹುಟ್ಟದ ಸಹಿಯಂತೆ ಕಾಣುತ್ತದೆ. ಕೆಲವು ರೂಪಾಯಿಗಳ ಬ್ಯಾಟರಿಗಾಗಿ ದಿನವಿಡೀ ಒದ್ದಾಡಿದವರಿದ್ದಾರೆ.

ಆಮೇಲೆ ಹೊಸ ಕೀಲಿಯ ಪ್ರಶ್ನೆ. ಪರಿಚಯಿಸುವ ಹಳಬರಿಲ್ಲದಿದ್ದಾಗ, ಇಬ್ಬರಿಗೂ ಬೇಕಾದ ಮೂರನೆಯವರನ್ನು ಹುಡುಕಬೇಕು. ಕ್ರಮವಾಗಿ ನವೀಕರಣಗೊಳ್ಳುತ್ತಿರುವ ಇನ್ನೊಂದು ಡೆಬಿಯನ್ ಅಥವಾ ಉಬುಂಟು ಯಂತ್ರದಲ್ಲಿ, ಸಹಿ ತಾಳೆಯಾಗಿ ಬಂದ ಕೀಲಿಗಳ ಪ್ಯಾಕೇಜನ್ನು ಪಡೆಯಬಹುದು. ಅದರ ಬೆರಳಚ್ಚನ್ನು, ಅಂದರೆ ಕೀಲಿಯ ಗುರುತಿನ ಸಂಖ್ಯೆಯನ್ನು, ಡೆಬಿಯನ್ ಪ್ರಕಟಿಸಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ, ನಂತರವೇ ಹಳೆಯ ಯಂತ್ರಕ್ಕೆ ಒಯ್ಯಬೇಕು. ಒಂದೆರಡು ಆವೃತ್ತಿ ಹಿಂದುಳಿದವರಿಗೆ ಇಷ್ಟು ಸಾಕು. ಅಲ್ಲಿಂದ ಮುಂದಕ್ಕೆ ಒಂದೊಂದೇ ಆವೃತ್ತಿಯಾಗಿ ಏರಬೇಕು, ನಡುವಿನ ಮೆಟ್ಟಿಲನ್ನು ಹಾರುವುದಕ್ಕೆ ಡೆಬಿಯನ್‌ನಲ್ಲಿ ಬೆಂಬಲವಿಲ್ಲ.

ನಾವು ನಾಲ್ಕು ಆವೃತ್ತಿ ಹಿಂದಿದ್ದೆವು. ಹಳೆಯ ಬಿಡುಗಡೆಗಳಿಗೆ ಸಹಿ ಹಾಕಿದ ಕೀಲಿಗಳು ಒಂದೊಂದಾಗಿ ಅವಧಿ ಮುಗಿಸುತ್ತಿರುವಾಗ, ಪ್ರತಿ ಮೆಟ್ಟಿಲಿನಲ್ಲೂ ಇದೇ ತಕರಾರು ಎದುರಾಗಬಹುದಿತ್ತು. ಆದ್ದರಿಂದ ಹೊಸ ಡಿಸ್ಕಿನ ಮೇಲೆ ಡೆಬಿಯನ್ 12ನ್ನು, ಅದರ ಸಹಿಯನ್ನೂ ಪರಿಶೀಲಿಸಿ, ಹೊಸದಾಗಿಯೇ ಅಳವಡಿಸಿ ದತ್ತಾಂಶವನ್ನು ಮಾತ್ರ ಸಾಗಿಸಿದೆವು. ಇಷ್ಟು ಹಿಂದುಳಿದವರಿಗೆ ಇದೇ ಲೇಸೆಂದು ನನ್ನ ಅಭಿಪ್ರಾಯ. ಕಡತಗಳ ವರ್ಗಾವಣೆ ಒಂದು ಭಾನುವಾರದಲ್ಲಿ ಮುಗಿಯಿತು. ದಾಸ್ತಾನಿನ ಕಾರ್ಯಕ್ರಮಕ್ಕೆ ಮಾತ್ರ ಮೂರು ವಾರ ಹಿಡಿಯಿತು. ಅದನ್ನು ಬರೆದದ್ದು ಪಿಎಚ್‌ಪಿ 5ರ ಕಾಲದಲ್ಲಿ. ದತ್ತಸಂಚಯದೊಡನೆ ಮಾತನಾಡಲು ಅದು ಬಳಸುತ್ತಿದ್ದ ಆದೇಶಗಳನ್ನು 2015ರ ಕೊನೆಯಲ್ಲಿ ಬಂದ ಏಳನೆಯ ಆವೃತ್ತಿಯಲ್ಲೇ ತೆಗೆದುಹಾಕಿದ್ದರು. ಬರೆದ ಯುವಕ ಈಗ ಪರದೇಶದಲ್ಲಿ. ಮತ್ತೊಬ್ಬರಿಂದ ತಿದ್ದಿಸಬೇಕಾಯಿತು, ಅಲ್ಲಿಯವರೆಗೆ ದಾಸ್ತಾನು ಮತ್ತೆ ಕೆಂಪು ಬಟ್ಟೆಯ ಪುಸ್ತಕದಲ್ಲಿ ನಡೆಯಿತು. ಖರ್ಚಿನ ಬಹುಪಾಲು ಹೋದದ್ದು ಇಲ್ಲಿಯೇ. ಪ್ರತಿ ಎರಡು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತಿದ್ದಿಸಿದ್ದರೆ ಇಷ್ಟಾಗುತ್ತಿರಲಿಲ್ಲ.

ಓಡುತ್ತಿರುವ ಯಂತ್ರವನ್ನು ಮುಟ್ಟಬಾರದು ಎಂದು ಹೇಳುವ ಸದಸ್ಯ ಮಿತ್ರರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೇತ್ ಯಂತ್ರದ ವಿಷಯದಲ್ಲಿ ನಾನೂ ಹಾಗೆಯೇ ನಡೆದುಕೊಳ್ಳುವವನು. ಆದರೆ ಲೇತ್‌ನಲ್ಲಿರುವ ದೋಷವನ್ನು ದೂರದೇಶದ ಕಳ್ಳರು ಹುಡುಕಿಕೊಂಡು ಬರುವುದಿಲ್ಲ. ಕಚೇರಿಯ ಕಡತಗಳನ್ನು ಹಂಚಿಕೊಳ್ಳಲು ನಾವೆಲ್ಲ ಬಳಸುವ ಸಾಂಬಾ ತಂತ್ರಾಂಶದಲ್ಲಿ, 2010ರ ಆವೃತ್ತಿಯಿಂದಲೇ ಅಡಗಿದ್ದ ಒಂದು ಲೋಪ 2017ರ ಮೇ 24ರಂದು ಬಹಿರಂಗವಾಯಿತು. ಡೆಬಿಯನ್ 8ಕ್ಕೆ ದುರಸ್ತಿ ಅದೇ ದಿನ ಬಂದಿತು. ಕೆಲವೇ ವಾರಗಳಲ್ಲಿ ದುರುಳರು ಅದರ ಮೂಲಕ ಅನ್ಯರ ಸರ್ವರ್‌ಗಳಿಗೆ ನುಗ್ಗಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸತೊಡಗಿದರು. ನಮ್ಮ ಯಂತ್ರದಲ್ಲಿ ಆ ಕಿಂಡಿ ಏಳು ವರ್ಷಕ್ಕೂ ಹೆಚ್ಚು ಕಾಲ ತೆರೆದೇ ಇತ್ತು. ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟವೇ ಹೊರತು ಜಾಣ್ಮೆಯಲ್ಲ.

ಹೊಸತೆಲ್ಲವೂ ಸುರಕ್ಷಿತವೆಂದೂ ನಾನು ವಾದಿಸುವುದಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೂಂಡ್ ಎಂಬ ತಂತ್ರಜ್ಞರು ಬಯಲಿಗೆಳೆದ ಎಕ್ಸ್‌ಝಡ್ ಪ್ರಕರಣದಲ್ಲಿ, ನಂಬಿಕೆ ಗಳಿಸಿದ ನಿರ್ವಾಹಕರ ಕೈಯಿಂದಲೇ ಹಿಂಬಾಗಿಲು ಸೇರಿಕೊಂಡಿತ್ತು. ಅಲ್ಲಿ ಸಹಿ ಸರಿಯಾಗಿಯೇ ಇತ್ತು. ಸರಕು ಹಾದಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಸಹಿ ಹೇಳುತ್ತದೆ, ಸರಕು ಒಳ್ಳೆಯದೆಂದು ಹೇಳುವುದಿಲ್ಲ. ಆದರೆ ಆ ವಿಷ ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ಮುಟ್ಟಿತೇ ವಿನಾ ಸ್ಥಿರ ಆವೃತ್ತಿಯನ್ನು ತಲುಪಲಿಲ್ಲ. ಬೆಂಬಲವಿರುವ ಸ್ಥಿರ ಆವೃತ್ತಿಯಲ್ಲಿ ನಿಂತು ನವೀಕರಣ ಪಡೆಯುತ್ತಿರುವುದೇ ನಮ್ಮಂಥವರಿಗೆ ತಕ್ಕ ನೆಲೆ.

ತಯಾರಕರ ಮೇಲೂ ಒಂದು ದೂರಿದೆ. ಸೆಂಟ್‌ಓಎಸ್ 8 ಬಹುಕಾಲ ಇರುವುದೆಂದು ನಂಬಿ ಅಳವಡಿಸಿಕೊಂಡವರಿಗೆ, 2021ರ ಅಂತ್ಯಕ್ಕೇ ಅದು ಮುಗಿಯುವುದೆಂದು 2020ರ ಡಿಸೆಂಬರಿನಲ್ಲಿ ತಿಳಿಸಲಾಯಿತು. ಸೆಂಟ್‌ಓಎಸ್ 7 ತನ್ನ ಪೂರ್ಣ ಅವಧಿ ಮುಗಿಸಿ 2024ರ ಜೂನ್ 30ರಂದು ನಿಂತಿತು. ಅದರಲ್ಲೇ ಇನ್ನೂ ಕುಳಿತಿರುವ ಸದಸ್ಯರು ನನಗೆ ಗೊತ್ತು.

ಕಾನೂನಿನ ಮಾತೂ ಇದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆಗಳನ್ನು ಉಳಿಸಿಕೊಳ್ಳಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದ ಕಾಲಾವಕಾಶ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ಮೂಲೆಯ ಯಂತ್ರದ ದಿನಾಂಕವೇ ತಪ್ಪಿರುವಾಗ ಯಾವ ದಾಖಲೆಯನ್ನು ಯಾರಿಗೆ ತೋರಿಸುವುದು?

ನಮ್ಮ ವಾಣಿಜ್ಯ ಸಂಸ್ಥೆ ಇದರಲ್ಲಿ ಮಾಡಬಹುದಾದ ಕೆಲಸವೊಂದಿದೆ. ಸದಸ್ಯರು ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಬಳಸಬಹುದಾದ ಮಾದರಿ ಕರಾರನ್ನು ಮಾಹಿತಿ ತಂತ್ರಜ್ಞಾನ ಉಪಸಮಿತಿ ಸಿದ್ಧಪಡಿಸಲಿ. ತಿಂಗಳಿಗೊಮ್ಮೆ ನವೀಕರಣ ನಡೆಸಿ ಅದರ ವರದಿ ಕೊಡುವುದು, ನಕಲನ್ನು ಮೂರು ತಿಂಗಳಿಗೊಮ್ಮೆ ತೆರೆದು ತೋರಿಸುವುದು, ಸಹಿ ಪರಿಶೀಲನೆಯನ್ನು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ನಿಲ್ಲಿಸದಿರುವುದು ಎಂಬ ಮೂರು ಷರತ್ತುಗಳಾದರೂ ಅದರಲ್ಲಿರಲಿ. ಈ ಷರತ್ತುಗಳಿಗೆ ತಕ್ಕಂತೆ ದರವೂ ಹೆಚ್ಚುತ್ತದೆ, ಅದನ್ನು ಕೊಡಲು ನಾವು ಸಿದ್ಧರಿರಬೇಕು. ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲವೆಂದು ಉಳಿಸಿದ ಹಣದಲ್ಲಿ ಒಂದು ಭಾಗವಾದರೂ ಅದರ ಪಾಲನೆಗೆ ಹೋಗುವುದು ನ್ಯಾಯ.

ಗ್ರಾಹಕರ ಪ್ರಶ್ನಾವಳಿಗೆ ನಾವು ಇದ್ದದ್ದನ್ನು ಇದ್ದಂತೆ ಬರೆದು, ಬದಲಾವಣೆಗೆ ಆರು ವಾರಗಳ ಅವಕಾಶ ಕೇಳಿದೆವು. ಕೊಟ್ಟರು. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗೆ ಇದೆ. ಆ ದಿನಾಂಕವನ್ನು ನಮ್ಮ ಲೆಕ್ಕಿಗರು ಅಗ್ನಿವಿಮೆ, ಕಾರ್ಖಾನೆ ಪರವಾನಗಿ, ಡಿಜಿಟಲ್ ಸಹಿಗಳ ನವೀಕರಣದ ದಿನಾಂಕಗಳಿರುವ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.