ಇಲಿಜ್ವರ: ಹೆಸರು ಇಲಿಯದು, ಎಚ್ಚರ ನಮ್ಮದು

ಕಾಯಿಲೆಗೆ ಪ್ರಾಣಿಗಳ ಹೆಸರಿಡುವ ರೂಢಿ ನಮ್ಮಲ್ಲಿದೆ. ಮಂಗನ ಕಾಯಿಲೆ, ಹಕ್ಕಿಜ್ವರ, ಹಂದಿಜ್ವರ, ಇಲಿಜ್ವರ. ಇಂತಹ ಹೆಸರುಗಳು ಬೇಗನೆ ನೆನಪಿನಲ್ಲಿ ಉಳಿಯುತ್ತವೆ, ನಿಜ. ಆದರೆ ಅವು ಹೇಳುವುದು ಅರ್ಧ ಸತ್ಯವನ್ನು ಮಾತ್ರ. ಉಳಿದರ್ಧವನ್ನು ತಿಳಿಯದೆ ಜೀವ ಕಳೆದುಕೊಂಡವರಿದ್ದಾರೆ ಎಂಬ ಕಾರಣಕ್ಕಾಗಿ ಈ ಬರಹ.

ಈಗಿನ ಮಕ್ಕಳಿಗೆ ಮೊಬೈಲಿನ ಮೂಲಕ ಕ್ಯಾಪಿಬರಾ ಎಂಬ ಪ್ರಾಣಿ ಅಚ್ಚುಮೆಚ್ಚಾಗಿದೆ. ದಕ್ಷಿಣ ಅಮೆರಿಕದ ನದೀತೀರಗಳಲ್ಲಿ ವಾಸಿಸುವ ಇದು ಇಲಿ, ಹೆಗ್ಗಣಗಳ ಕುಲಕ್ಕೇ ಸೇರಿದ್ದು, ದಂಶಕಗಳಲ್ಲೆಲ್ಲ ದೊಡ್ಡದು, 50 ಕಿಲೊ ಮೀರಿಯೂ ತೂಗಬಲ್ಲದು. ಬ್ರೆಜಿಲ್ ದೇಶದಲ್ಲಿ ಉಣುಗು ಕಚ್ಚಿ ಹರಡುವ ಒಂದು ಮಾರಕ ಜ್ವರದ ಸರಪಳಿಯಲ್ಲಿ ಈ ಸಾಧುಪ್ರಾಣಿಯೂ ಒಂದು ಕೊಂಡಿ. ರೋಗಾಣು ಅದರ ರಕ್ತದಲ್ಲಿ ಕೆಲವು ದಿನ ಇರುತ್ತದೆ. ರಕ್ತ ಹೀರಿದ ಉಣುಗುಗಳಿಗೆ ದಾಟುತ್ತದೆ. ಮುಂದೆ ಉಣುಗಿನಿಂದ ಮನುಷ್ಯನಿಗೆ. ಪ್ರಾಣಿಯನ್ನು ಮುದ್ದಿಸುವುದಾಗಲಿ ಶಪಿಸುವುದಾಗಲಿ ಇಲ್ಲಿ ಉಪಯೋಗಕ್ಕೆ ಬಾರದು, ಸರಪಳಿಯನ್ನು ಅರಿಯಬೇಕು. ನಮ್ಮ ಘಟ್ಟದ ಮೇಲಿನ ಕಥೆಯೂ ಇದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಜ್ವರದಿಂದ ಸತ್ತರು. ವೈರಾಣುವನ್ನು ಹೊತ್ತು ತಂದದ್ದು ಉಣುಗು. ಹೆಸರು ಮಾತ್ರ ತಾನೇ ಬಲಿಯಾದ ಮಂಗನಿಗೆ ಬಂತು.

ಎರ್ಮಾಳಿನ ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಇಲಿಜ್ವರ. ಇದರ ಬ್ಯಾಕ್ಟೀರಿಯಾದ ಹೆಸರು ಲೆಪ್ಟೊಸ್ಪೈರಾ. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ನೆಲೆಸಿ ಮೂತ್ರದೊಡನೆ ಹೊರಬೀಳುತ್ತದೆ. ಇಲಿಯಷ್ಟೇ ಅಲ್ಲ, ನಾಯಿ, ದನ, ಎಮ್ಮೆ, ಹಂದಿಗಳೂ ಅದನ್ನು ಹರಡಬಲ್ಲವು. ತೇವದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿದ್ದು ಕಾಲಿನ ಗಾಯದ ಮೂಲಕ, ಕಣ್ಣು ಬಾಯಿಗಳ ತೆಳುಪೊರೆಯ ಮೂಲಕ ದೇಹ ಸೇರುತ್ತದೆ. ಇಲಿ ಕಚ್ಚಬೇಕಾಗಿಯೇ ಇಲ್ಲ! ನಮ್ಮ ಬೈಲುಗದ್ದೆ, ತೋಡು, ಹಟ್ಟಿಯ ಹಿಂದಿನ ಕೆಸರು ಅದಕ್ಕೆ ಸಾಕು. 2015ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಂದಿಗೆ ಈ ರೋಗ ತಗಲಿ, ಸುಮಾರು 59,000 ಮಂದಿ ಸಾಯುತ್ತಾರೆ.

ಹೆಚ್ಚಿನವರಿಗೆ ಇದು ಸಾಧಾರಣ ಜ್ವರದಂತೆ ಬಂದು ಹೋಗುತ್ತದೆ. ಕೆಲವರಲ್ಲಿ ಮಾತ್ರ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಇಳಿಯುತ್ತದೆ. ಆಗ ಕಣ್ಣು, ಮೈ ಹಳದಿಯಾಗುತ್ತದೆ. ಅಪಾಯವಿರುವುದು ಇಲ್ಲಿಯೇ. ಹಳದಿ ಕಂಡೊಡನೆ ನಾವು ‘ಕಾಮಾಲೆ’ ಎಂದು ತೀರ್ಮಾನಿಸಿ ಸೊಪ್ಪಿನ ಮದ್ದಿಗೆ ಓಡುತ್ತೇವೆ. ನಾನು ಪಾಠ ಹೇಳಿದ ಒಬ್ಬ ಹುಡುಗ, ಮುಂದೆ ಒಳ್ಳೆಯ ಕೃಷಿಕನಾದವನು, ಹೀಗೆಯೇ ಐದು ದಿನ ಮದ್ದು ಕುಡಿದು ಪಥ್ಯ ಮಾಡಿದ. ಆರನೆಯ ದಿನ ಮೂತ್ರ ಕಟ್ಟಿತು. ಆಸ್ಪತ್ರೆಗೆ ಒಯ್ಯುವಾಗ ಕಾಲ ಮಿಂಚಿತ್ತು. ಅವನೊಡನೆ ಒಂದೇ ಬೆಂಚಿನಲ್ಲಿ ಕುಳಿತವರು ಇದನ್ನು ಓದುತ್ತಿರಬಹುದು.

ಹಳ್ಳಿಮದ್ದನ್ನು ನಾನು ಹಳಿಯುತ್ತಿಲ್ಲ. ಕಲುಷಿತ ನೀರಿನಿಂದ ಬರುವ ವೈರಾಣು ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆ ನಂಬಿಕೆಯನ್ನೇ ಇಲಿಜ್ವರಕ್ಕೂ ಒಡ್ಡಿದರೆ ಮೋಸಹೋಗುತ್ತೇವೆ. ಇದು ಆರಂಭದಲ್ಲಿಯೇ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂತಹ ಅಗ್ಗದ ಔಷಧಗಳಿಗೆ ಬಗ್ಗುವ ರೋಗ. ತಡವಾದಷ್ಟೂ ಖರ್ಚು ಹೆಚ್ಚು, ಆಸೆ ಕಡಿಮೆ. ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪಾದ ಕಣ್ಣು, ಜೊತೆಗೆ ಜ್ವರವಿದ್ದರೆ ಹಳದಿಗಾಗಿ ಕಾಯಬಾರದು.

“ನಮ್ಮ ಅಜ್ಜಂದಿರು ಬರಿಗಾಲಲ್ಲೇ ಉಳಲಿಲ್ಲವೇ? ಅವರಿಗೇನಾಯಿತು?” ಎಂದು ಕೇಳುವವರುಂಟು. ಆಗ ‘ಜ್ವರ ಬಂದು ಹೋದರು’, ‘ಕಾಮಾಲೆಯಲ್ಲಿ ಹೋದರು’ ಎಂಬಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಯಾವ ಜ್ವರವೆಂದು ಪರೀಕ್ಷಿಸಿದವರಾರು? ಬದುಕಿ ಉಳಿದವರು ಮಾತ್ರ ನಮ್ಮ ಅಜ್ಜಂದಿರಾಗಿ ನೆನಪಿನಲ್ಲಿದ್ದಾರೆ.

ಗಂಬೂಟು ಧರಿಸಿರಿ ಎಂದು ಬರೆಯುವುದು ಸುಲಭ. ಆದರೆ ಏಣಿಲಿನ ನೇಜಿಯ ಗದ್ದೆಯಲ್ಲಿ ಬೂಟು ಹೂತುಹೋಗುತ್ತದೆ ಎಂಬುದನ್ನು ಗದ್ದೆಗೆ ಇಳಿದವರೇ ಬಲ್ಲರು. ಗಾಯವಿದ್ದವರು ಅದು ಮಾಯುವ ತನಕ ಕೆಸರಿಗೆ ಇಳಿಯದಿರುವುದು, ಇಳಿದ ಮೇಲೆ ಶುದ್ಧನೀರು, ಸಾಬೂನಿನಿಂದ ತೊಳೆಯುವುದು, ಹಟ್ಟಿ, ಅಡುಗೆಮನೆಗಳ ಬಳಿ ಕಸ ಕೂಡಿಡದಿರುವುದು ಎಲ್ಲರಿಗೂ ಸಾಧ್ಯ. ಮಳೆಗಾಲವಿಡೀ ಗದ್ದೆ, ಚರಂಡಿಗಳಲ್ಲಿ ದುಡಿಯುವವರು ವಾರಕ್ಕೊಮ್ಮೆಯ ತಡೆಮಾತ್ರೆ ತಮಗೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. 2018ರ ನೆರೆಯ ಸಮಯದಲ್ಲಿ ಕೇರಳ ಈ ಮಾತ್ರೆಯನ್ನು ವ್ಯಾಪಕವಾಗಿ ಹಂಚಿತ್ತು.

ಕೊನೆಯದಾಗಿ, ಪರವೂರಿನಲ್ಲಿರುವ ನನ್ನ ಪ್ರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ಆಟಿ ತಿಂಗಳಿನಲ್ಲಿ ಕೆಸರುಗದ್ದೆಯ ಆಟಗಳಿಗೆಂದು ನೀವು ಮಕ್ಕಳೊಡನೆ ಊರಿಗೆ ಬರುವುದು ಸಂತೋಷದ ವಿಷಯ. ಖಂಡಿತ ಬನ್ನಿ. ಆದರೆ ಈ ರೋಗ ಸಾಮಾನ್ಯವಾಗಿ ತಲೆಯೆತ್ತುವುದು ಒಂದೆರಡು ವಾರಗಳ ಅನಂತರ. ಅಷ್ಟರಲ್ಲಿ ನೀವು ಮುಂಬಯಿಗೋ ಬೆಂಗಳೂರಿಗೋ ಮರಳಿರುತ್ತೀರಿ. ಅಲ್ಲಿಯ ವೈದ್ಯರಿಗೆ ನಿಮ್ಮ ಕಾಲಿಗೆ ಮೆತ್ತಿದ್ದ ಕೆಸರು ಕಾಣಿಸುವುದಿಲ್ಲ. ಜ್ವರ ಬಂದರೆ “ನಾನು ಊರಿನ ಗದ್ದೆಗೆ ಇಳಿದಿದ್ದೆ” ಎಂದು ನೀವೇ ಬಾಯಿಬಿಟ್ಟು ಹೇಳಿರಿ.