ಗುದ್ದಲಿ ಬೇಡದ ನಿಧಿ

ನಿಧಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆಯವರ ಕಣ್ಣ ಮುಂದೆ ಮೂಡುವ ಚಿತ್ರ ಒಂದೇ: ಅಮಾವಾಸ್ಯೆಯ ರಾತ್ರಿ, ಹಾಳುಗುಡಿ, ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ. ಈ ಹುಚ್ಚಿಗೆ ಸಿಕ್ಕಿ ಕರ್ನಾಟಕದ ಎಷ್ಟೋ ಹಳೆಯ ಗುಡಿಗಳಲ್ಲಿ ನಂದಿಗಳು ಬುಡಮೇಲಾಗಿವೆ, ವೀರಗಲ್ಲುಗಳು ಒಡೆದಿವೆ. ಅಗೆದವರ ಕೈಗೆ ಹತ್ತಿದ್ದು ಬಹುಮಟ್ಟಿಗೆ ಬರಿಯ ಮಣ್ಣು. ಹೀಗಿರುತ್ತ, ಮಕ್ಕಳನ್ನು ಕರೆದುಕೊಂಡು ನಿಧಿ ಹುಡುಕಲು ಹೊರಡಿರೆಂದು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದಕ್ಕೆ ತುಸು ಧೈರ್ಯವೇ ಬೇಕು.

ನಾನು ಹೇಳಹೊರಟಿರುವುದು ಜಿಯೋಕ್ಯಾಶಿಂಗ್ ಎಂಬ ಆಟದ ಸಂಗತಿ. ಒಬ್ಬರು ಒಂದು ಡಬ್ಬಿಯಲ್ಲಿ ಪುಟ್ಟ ವಹಿ, ಪೆನ್ಸಿಲು, ಮಕ್ಕಳಿಗೆ ಮೆಚ್ಚಾಗುವ ನಾಲ್ಕು ಸಾಮಾನು ಇಟ್ಟು ಎಲ್ಲಿಯೋ ಬಚ್ಚಿಡುತ್ತಾರೆ. ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಸಾರುತ್ತಾರೆ. ಅಂಕಿಗಳನ್ನು ಹಿಡಿದು ನಡೆದುಬಂದವರು ಡಬ್ಬಿಯನ್ನು ಕಂಡುಹಿಡಿದು, ವಹಿಯಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇಟ್ಟು ಹೋಗಬೇಕು. ಏನನ್ನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಹಾಕಬೇಕು. ನೆಲವನ್ನು ಅಗೆಯಕೂಡದು.

ಆಟದ ಬೇರು ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗನು ಒಂದು ಸೀಸೆಯನ್ನಿಟ್ಟು, ಅಲ್ಲಿಯ ವರೆಗೆ ನಡೆದುಬಂದವರು ಅದರಲ್ಲಿ ಹೆಸರಿನ ಚೀಟಿ ಹಾಕುವ ರೂಢಿಯನ್ನು ಹುಟ್ಟಿಸಿದನು. ಇದಕ್ಕೆ ಆಕಾಶದ ನೆರವು ದೊರೆತದ್ದು 2000ದಲ್ಲಿ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಅಮೆರಿಕವು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆ ವರ್ಷದ ಮೇ 2ರಂದು ಆ ಕಲಬೆರಕೆ ನಿಂತಿತು. ನೂರು ಮೀಟರಿನಷ್ಟಿದ್ದ ವ್ಯತ್ಯಾಸವು ಹತ್ತಿಪ್ಪತ್ತಕ್ಕೆ ಇಳಿಯಿತು. ಮರುದಿನವೇ ಓರೆಗನ್ ಪ್ರಾಂತದಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಬಕೆಟ್ಟನ್ನು ಇಟ್ಟು ಅಂಕಿಗಳನ್ನು ಸಾರಿದರು. ಆ ಮೊದಲ ಬಕೆಟ್ಟು ಅರ್ಧ ಮಣ್ಣಿನಲ್ಲಿ ಹೂತಿತ್ತೆಂಬುದೊಂದು ತಮಾಷೆ. ಅಗೆಯಬಾರದೆಂಬ ಕಟ್ಟಳೆ ಆಮೇಲೆ ಬಂದದ್ದು.

ಬೆಳಗಾವಿಯವರಿಗೆ ಈ ಅಂಕಿಗಳ ಪಾಠ ಬಹಳ ಸುಲಭ. ನಗರವು ಸುಮಾರು 15.85 ಉತ್ತರ ಅಕ್ಷಾಂಶ, 74.5 ಪೂರ್ವ ರೇಖಾಂಶದಲ್ಲಿದೆ; ಖಾನಾಪುರವು 15.63, ಮತ್ತೆ ಅದೇ 74.5. ಎಂದರೆ ಗೋವೆಯ ಹಾದಿ ಹಿಡಿದು ಖಾನಾಪುರಕ್ಕೆ ಹೋಗುವಾಗ ಎರಡನೆಯ ಅಂಕಿ ಹೆಚ್ಚು ಮಿಸುಕುವುದಿಲ್ಲ, ಮೊದಲನೆಯದು ಇಳಿಯುತ್ತ ಹೋಗುತ್ತದೆ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿಲೋಮೀಟರು. ನೆಟ್ಟಗೆ ನೂಲು ಹಿಡಿದರೆ ಎರಡೂರುಗಳ ನಡುವೆ ಸುಮಾರು 24. ದಶಾಂಶದ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಒಂದೊಂದು ಅಂಕಿಗೂ ಹನ್ನೊಂದು ಮೀಟರು, ಒಂದು ಮನೆ ಮತ್ತು ಅದರ ಅಂಗಳದಷ್ಟು. ಇನ್ನೊಂದು ವಿಶೇಷವುಂಟು. ನಮ್ಮ ಗಡಿಯಾರಗಳು 82.5 ರೇಖಾಂಶದವು, ಆದ್ದರಿಂದ ಬೆಳಗಾವಿಯಲ್ಲಿ ಸೂರ್ಯನು ನೆತ್ತಿಯ ನೇರಕ್ಕೆ ಬರುವುದು ಸರಾಸರಿ ಹನ್ನೆರಡೂವರೆ ದಾಟಿದ ಮೇಲೆ. ಮಧ್ಯಾಹ್ನದ ತಿರುಗಾಟಕ್ಕೆ ಹೊರಡುವವರು ಛತ್ರಿ ಮರೆಯಬಾರದು.

ಕಳೆದ ಮೃಗಶಿರದಲ್ಲಿ ಇಂತಹ ಎರಡು ಅಂಕಿಗಳನ್ನು ಮಿತ್ರರೊಬ್ಬರು ಕೊಟ್ಟು ಕಳಿಸಿದ್ದರಿಂದ, ತಂಗಿಯ ಮಗಳೊಡನೆ ರಾಜಹಂಸಗಡಕ್ಕೆ ಹೋದೆ. ಯಳ್ಳೂರಿನ ಬತ್ತದ ಗದ್ದೆಗಳ ಆಚೆ ಎದ್ದ ಗುಡ್ಡ; ನೆತ್ತಿಯಲ್ಲಿ ಕೋಟೆ, ಅದರೊಳಗೆ ಸಿದ್ಧೇಶ್ವರನ ಗುಡಿ, ಕೆಳಗೆ ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು. ನಮಗೆ ಆ ಓಣಿಗಳ ಗುರುತಿರಲಿಲ್ಲ. ಫೋನು ‘ಇನ್ನು ಇಪ್ಪತ್ತು ಮೀಟರು’ ಎಂದಿತು. ಬಯಲಾಗಿದ್ದರೆ ಇಪ್ಪತ್ತು ಮೀಟರು ಮೂವತ್ತು ಹೆಜ್ಜೆ. ಗುಡ್ಡದ ಓಣಿಯಲ್ಲಿ ಅದೇ ಇಪ್ಪತ್ತು ಮೀಟರು ಒಬ್ಬರ ಹಿತ್ತಿಲಗೋಡೆಯಾಗಿ, ಅದರ ಮೇಲಿನವರ ದನದ ಕೊಟ್ಟಿಗೆಯಾಗಿ, ಅದಕ್ಕೂ ಮೇಲಿನ ಮನೆಯ ಮೆಟ್ಟಿಲಾಗಿ ಎದ್ದು ನಿಲ್ಲುತ್ತದೆ. ಅಂಕಿಗಳಿಗೆ ಉದ್ದಗಲ ತಿಳಿದೀತು, ಏರು ತಿಳಿಯದು. ಸುತ್ತು ಹಾಕಿ ಹತ್ತಿ, ಆ ಮೆಟ್ಟಿಲ ಪಕ್ಕದ ಕಲ್ಲುಗಳ ಸಂದಿಯಲ್ಲಿ ಹುಡುಗಿ ಕೈಯಾಡಿಸುತ್ತಿರುವಾಗ ಜಗಲಿಯಿಂದ ಒಂದು ದನಿ ಬಂದಿತು:

“ಯಾರ ಪೈಕಿ ನೀವು? ಏನ ಹುಡುಕಾಕ ಹತ್ತೀರಿ?”

ಅಜ್ಜಿಯ ಕಣ್ಣಿನಲ್ಲಿ ಸಂಶಯ ಸ್ಪಷ್ಟವಾಗಿತ್ತು. ಗುಡಿಯಿರುವ ಗುಡ್ಡದಲ್ಲಿ ಅಪರಿಚಿತರು ಕಲ್ಲು ಕದಲಿಸುತ್ತಿದ್ದರೆ ಸಂಶಯಪಡದವರು ಊರಿನವರೇ ಅಲ್ಲ. ಹುಡುಗಿ, “ರೊಕ್ಕ ಅಲ್ರೀ ಆಯಿ, ಒಂದು ಡಬ್ಬಿ” ಎಂದಳು.

“ಅದಾ? ಯಾವದೋ ಕೂಸು ಮರತು ಹೋಗೇತಿ ಅಂತ ಒಳಗ ಇಟ್ಟೀನಿ. ಮಳಿಗೆ ತೊಯ್ದು ಹೋಗತಿತ್ತಲ್ಲ!”

ಡಬ್ಬಿ ಮಾಡದಿಂದ ಹೊರಬಂದಿತು, ಜೊತೆಗೆ ಚಹವೂ ಬಂದಿತು. ವಹಿಯಲ್ಲಿ ಹುಡುಗಿ ತನ್ನ ಹೆಸರಿನ ಕೆಳಗೆ ಅಜ್ಜಿಯ ಹೆಸರನ್ನೂ ಬರೆದಳು.

ಪರದೇಶಗಳಲ್ಲಿ ಈ ಆಟದವರು ಗೌಪ್ಯವನ್ನೇ ಒಂದು ಸೊಗಸೆಂದು ತಿಳಿಯುತ್ತಾರೆ. ದಾರಿಹೋಕರ ಕಣ್ಣು ತಪ್ಪಿಸಿ ಇಡಬೇಕು, ಕಣ್ಣು ತಪ್ಪಿಸಿ ತೆಗೆಯಬೇಕು. ನಮ್ಮಲ್ಲಿ ಇದು ಸಲ್ಲದೆಂದು ನನ್ನ ಖಂಡಿತವಾದ ಅಭಿಪ್ರಾಯ. ಜಗಲಿಗೊಂದು ಕಣ್ಣಿರುವ ಓಣಿಯಲ್ಲಿ ಕದ್ದು ಇಟ್ಟದ್ದು ಕಳ್ಳತನದಂತೆಯೇ ಕಾಣುತ್ತದೆ. ಅದಕ್ಕೂ ಮಿಗಿಲಾಗಿ, ಗುಡಿಗಳನ್ನು ನಿಧಿಗಳ್ಳರಿಂದ ಕಾಯುತ್ತಿರುವುದು ಆ ಕಣ್ಣುಗಳೇ. ಅವುಗಳಿಗೆ ಮಂಕುಬೂದಿ ಎರಚುವುದನ್ನು ಮಕ್ಕಳಿಗೆ ಆಟವಾಗಿ ಕಲಿಸುವುದೇ? ಮನೆಯವರನ್ನು ಕೇಳಿ ಇಡಿರಿ. ಹುಡುಕುವವರಿಗೆ ಹೇಳದಿದ್ದರೆ ಸಾಕು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ, ಸಾಂಬ್ರಾ ವಿಮಾನನಿಲ್ದಾಣದ ಬಳಿಯಲ್ಲಿ ಈ ಆಟ ಬೇಡವೇ ಬೇಡ. ಖಾನಾಪುರದ ಭೀಮಗಡ ಅಭಯಾರಣ್ಯವೂ ಬೇಡ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ಅತಿ ಅಪರೂಪದ ಬಾವಲಿಗಳು ಮನೆಮಾಡಿಕೊಂಡಿವೆ, ಅವುಗಳಿಗೆ ಅತಿಥಿಗಳು ಬೇಕಿಲ್ಲ.

ಡಬ್ಬಿಯೇ ಬೇಡವಾದ ತಾಣಗಳೂ ಖಾನಾಪುರ ತಾಲೂಕಿನಲ್ಲಿವೆ. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಅಂಕಿಗಳನ್ನು ಮಕ್ಕಳ ಕೈಗೆ ಕೊಟ್ಟು, ಆ ಮರದಲ್ಲಿ ಏನು ತೂಗುತ್ತಿದೆಯೆಂದು ನೋಡಿ ಬಂದು ಹೇಳಿರೆನ್ನಬಹುದು. ಇನ್ನು ಹಲಸಿ, ಕದಂಬರ ಪಲಾಶಿಕಾ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಣ್ಣಿನಿಂದ ಹೊರಬಂದ ನಿಧಿಯು ಹೊನ್ನಲ್ಲ, ತಾಮ್ರದ ಪಟಗಳು. ಫ್ಲೀಟ್ ಸಾಹೇಬರು ಅವನ್ನು ಓದಿ ಪ್ರಕಟಿಸಿದರು. ಪಲಾಶಿಕೆಯಲ್ಲಿ ಕಾರ್ತಿಕದ ಎಂಟು ದಿನ ಜಿನಪೂಜೆ ನಡೆಯಬೇಕೆಂದು ರವಿವರ್ಮನು ಬರೆಸಿದ ಕಟ್ಟಳೆ ಅವುಗಳೊಳಗೆ ಒಂದು. ಹೆಸರು ಬರೆದಿಟ್ಟುಹೋದ ವಹಿಯೆಂದರೆ ಅದು! ಊರ ನಡುವೆ ಭೂವರಾಹ ನರಸಿಂಹನ ಗುಡಿಯಿದೆ, ಗುಡ್ಡದ ಮೇಲೆ ರಾಮತೀರ್ಥವಿದೆ. ಊಟ ಕಟ್ಟಿಕೊಂಡು ಹೋದರೆ ಒಂದು ಭಾನುವಾರಕ್ಕೆ ಸಾಕಾದಷ್ಟು ನಡಿಗೆ.

ಡಬ್ಬಿಯಲ್ಲಿ ಬದಲಿಗೆ ಏನು ಹಾಕುವುದೆಂಬ ಚಿಂತೆಯೂ ಬೇಡ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಬರುವಾಗ ಎರಡು ಹಣತೆ ಕೊಳ್ಳಿರಿ: ಒಂದು ಡಬ್ಬಿಗೆ, ಇನ್ನೊಂದು ಯಾರ ಮೆಟ್ಟಿಲ ಬಳಿ ಅದನ್ನು ಇಡುವಿರೋ ಆ ಮನೆಗೆ.